ಏತ್ರಾಜಿನ ರೊಟ್ಟಿ

ನಿಜಾಮರ ಕಾಲದಾಗ ಕಚೇರಿ ಅಂದ್ರ ಹೊರಗಿನವರಿಗೆ ಅಂಜಿಕಿ, ನಮ್ಮಂಥ ಒಳಗಿನವರಿಗೆ ದಿನಾ ಒಂದು ನಗು. ನಾ ತಾಂಡೂರಾಗ ಸಾಕ್ಷಿಗಳ ಬಯಾನ್, ಅಂದ್ರ ಹೇಳಿಕಿ, ಬರ್ಕೊಳ್ಳೋ ಕಾರಕೂನ. ಅವರು ಕನ್ನಡದಾಗ ಹೇಳ್ತಿದ್ರು, ನಾ ಉರ್ದುದಾಗ ಬರೀತಿದ್ದೆ, ನಡುವ ವಕೀಲರು ಜಗಳಾಡ್ತಿದ್ರು.

ನೆಲಕ್ಕ ಹಾಸೋ ಪರಸಿಕಲ್ಲಿನ ಒಂದು ಖಣಿ, ಇಬ್ಬರು ದೋಸ್ತರ ಪಾಲಿಂದು. ಇಬ್ಬರೂ ಮಾತು ಬಿಟ್ಟು ಕೋರ್ಟ್ ಹತ್ತಿದ್ರು. ಖಣಿಗೆ ಕೀಲಿ ಬಿತ್ತು, ಕಲ್ಲೊಡೆಯೋರು ಪಾಪ, ಕೆಲಸಿಲ್ದ ಕುಂತ್ರು. ಕರಾರು ಬರೇ ಬಾಯಿಮಾತು. ಅದನ್ನ ಕಿವಿಯಾರೆ ಕೇಳಿದಾಕಿ ಒಬ್ಬಾಕಿ ಮುದುಕಿ, ಅವರಿಬ್ಬರಿಗೂ ಸಣ್ಣವರಿದ್ದಾಗ ಉಣ್ಣಿಸಿದಾಕಿ. ಆಕಿ ಬಯಾನ್ ಆದ್ರಷ್ಟೇ ಕೀಲಿ ತೆಗೀತದ ಅಂದ್ರು ಮುನಸೀಫರು.

೧. ಕೂಡೋದೆಲ್ಲಿ?

ಮುದುಕಿ ಕಚೇರಿತನಕ ಬರಲಾರಳಂತ, ಆಕಿ ಊರಿಗೇ ಹೋಗಿ ಬಯಾನ್ ತರಾಕ ಒಬ್ಬ ಹಿರಿಯರನ್ನ ಕೋರ್ಟಿನ ಕಮಿಷನರ್ ಮಾಡಿ, ಜೋಡಿಗೆ ನನ್ನ ಕಳಿಸಿದ್ರು. ಒಬ್ಬ ಪಾಲುದಾರನ ಮನ್ಯಾಗ ಕೂಡೋಣ ಅಂದ್ರ ಎದುರಿನ ವಕೀಲ, "ಅಲ್ಲಿ ಚಾ ಕುಡಿಸ್ತಾರ. ಉಪ್ಪುಂಡ ಸಾಕ್ಷಿ ಎದುರಾಡಂಗಿಲ್ಲ" ಅಂದ.

"ಚಾದಾಗ ಉಪ್ಪೆಲ್ಲಿರ್ತದರಿ?" ಅಂದೆ ನಾ.

"ಜೋಡಿ ಅವಲಕ್ಕಿ ಚೂಡಾ ಕೊಡ್ತಾರಲ್ರಿ!"

ಬಿಡು ಅಂತ ಬಯಲಾಗ ಒಟ್ಟಿದ್ದ ಪರಸಿ ಮ್ಯಾಲ ಕೂಡಾಕ ಹೋದ್ವಿ. ಇನ್ನೊಬ್ಬ ವಕೀಲ ಚೀರಿದ: "ಅದೇ ಜಗಳದ ಮಾಲು! ಕುಂತ್ರ ಕಬ್ಜಾ ಆತು!" ದೋಸ್ತರಿಬ್ಬರು, ವಕೀಲರಿಬ್ಬರು, ನಾವು, ಎಲ್ಲಾರೂ ಮಧ್ಯಾಹ್ನತನಕ ಬಿಸಲಾಗ ನಿಂತ್ವಿ. ಕಡೀಕ ಮುದುಕಿನೇ ಬಂದು, "ಯಾಕ್ರೋ, ಬಿಸಲಾಗ ನಟ್ಟ ಕಂಬದಂಗ ನಿಂತೀರಿ? ನಮ್ಮನಿಗೆ ಬರ್ರಿ" ಅಂದ್ಳು.

೨. ಬೀಸೂಕಲ್ಲು

ಮುದುಕಿ ಜ್ವಾಳ ಬೀಸ್ಕೋತ ಹೇಳಾಕ ಹತ್ತಿದ್ಳು. ಬಾಯಿ ತೆರೆದ್ರ ಸಾಕು, ಒಬ್ಬ ಇಲ್ಲಾ ಇನ್ನೊಬ್ಬ ವಕೀಲ, "ಏತ್ರಾಜ್!"

"ಏನಂತಾನ ಇವ?"

"ತಕರಾರು ಅಂತಾರವ್ವಾ. ನೀ ಮಾತು ನಿಲ್ಲಸ್ಬೇಕು" ಅಂದೆ ನಾ.

"ನನ್ನ ಮಾತು ನಿಲ್ಲಿಸಿದವ ನನ್ನ ಕೆಲಸ ಮಾಡ್ಲಿ!"

ನಿಂತು ನಿಂತು ಕಾಲು ನೋವಾಗಿದ್ದ ಕಮಿಷನರ್ ಸಾಹೇಬರು ಹುಕುಂ ಕೊಟ್ಟೇಬಿಟ್ರು: ಏತ್ರಾಜ್ ಅಂದವರು ಒಂದು ಹಿಡಿ ಬೀಸಬೇಕು. ಶೇರವಾನಿ ತೋಳು ಏರಿಸಿ ಇಬ್ಬರೂ ಪಾಳಿ ಮ್ಯಾಲ ಬೀಸಿದ್ರು, ಆದ್ರೂ ಬಾಯಿ ಮುಚ್ಚಲಿಲ್ಲ. ಬುಟ್ಟಿ ಜ್ವಾಳ ಮುಗೀತು, ಬಯಾನ್‌ದಾಗ ಇನ್ನೂ ಮುದುಕಿ ಹೆಸರು, ಊರು ಅಷ್ಟೇ ಇತ್ತು.

೩. ಊಟ

"ಉಣಲಾರ್ದವರ ಮುಂದ ಇನ್ನ ಬಾಯಿ ತೆರೆಯಂಗಿಲ್ಲ" ಅಂತ ಮುದುಕಿ ಅದೇ ಹಿಟ್ಟಿಲೆ ರೊಟ್ಟಿ ಬಡಿದ್ಳು. ದೋಸ್ತರಿಬ್ಬರ್ನೂ ಮದಲಿನಂಗ ಒಂದೇ ತಾಟಿಗೆ ಕುಂಡ್ರಿಸಿದ್ಳು. ಇಬ್ಬರೂ ಮಾರಿ ತಿರುವಿ ತುತ್ತು ಮುರದ್ರು. ವಕೀಲರು ಬೀಸಿದ ಹಿಟ್ಟು, ಅರ್ಧ ನುಚ್ಚು. ಕಟಕ್ ಅಂತು.

"ಹಲ್ಲು ಹೋತಲೇ!" ಅಂದ ಒಬ್ಬ ದೋಸ್ತ.

"ನಮ್ಮ ಖಣ್ಯಾಗೂ ಇಂಥ ಗಟ್ಟಿ ಕಲ್ಲು ಸಿಕ್ಕಿಲ್ಲ ಬಿಡಲೇ!" ಅಂದ ಇನ್ನೊಬ್ಬ.

ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ರು. ನಕ್ಕೋತ ನಕ್ಕೋತ ಒಬ್ಬವ ಅಳಾಕ ಹತ್ತಿದ. ನನಗೂ ಕಣ್ಣಾಗ ನೀರು ಬಂತು, ಖರೇ ಹೇಳ್ತೀನಿ.

"ಒಂದೇ ತಾಟಿನ ಉಪ್ಪುಂಡ್ವಿ. ಇನ್ನ ಎದುರಾಡಂಗಿಲ್ರಿ. ಮುಕದ್ದಮಾ ವಾಪಸ್, ಕೀಲಿ ತೆಗಸ್ರಿ" ಅಂದ್ರು ಇಬ್ಬರೂ.

ಅಲ್ಲೀತನಕ ಒಂದು ಮಾತಿಗೂ ಒಪ್ಪದ ವಕೀಲರಿಬ್ಬರೂ ಒಮ್ಮೆಲೇ ಜಿಗದೆದ್ದು ಒಂದೇ ದನಿಯಾಗ ಚೀರಿದ್ರು: "ಏತ್ರಾಜ್!"

ಮುದುಕಿ ಒಳಗ ಹೋಗಿ ಒಂದು ಬುಟ್ಟಿ ತೊಗರಿ ತಂದು ಬೀಸೂಕಲ್ಲಿನ ಮುಂದ ಇಟ್ಳು.