ಬಾವಿ ಸೇರಿದ ಎಸ್.ಎಸ್. ಅಣ್ಣಮ್ಮ

ಐವತ್ತು ತುಂಬುವುದರೊಳಗೆ ಜಗತ್ತಿನ ನಾಲ್ಕು ಶ್ರೇಷ್ಠ ಮುಳುಗಿದ ಹಡಗುಗಳನ್ನು ಸಮುದ್ರದ ತಳಕ್ಕೇ ಇಳಿದು ನೋಡಿ ಬರುತ್ತೇನೆ! ಇದು ತೊಂಬತ್ತೇಳನೇ ಇಸವಿಯ ಜನವರಿಯಲ್ಲಿ, ಪಾಂಡವಪುರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಕಾಫಿ ಲೋಟ ಎತ್ತಿ ಹಿಡಿದು ನಾನು ಮಾಡಿದ ಭೀಷ್ಮ ಪ್ರತಿಜ್ಞೆ. ಸಾಕ್ಷಿಗಿದ್ದವಳು ನನ್ನ ಹೆಂಡತಿ ಪ್ರಮೀಳಾ ಒಬ್ಬಳೇ. ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಐವತ್ತಕ್ಕೆ ಇನ್ನೂ ಎಂಟು ವರ್ಷ ಅದೆ. ಅದ್ರೊಳಗೆ ಬಚ್ಚಲುಮನೆ ಬಾಗ್ಲಿಗೆ ಒಂದು ಚಿಲ್ಕ ಹಾಕ್ಸಿ," ಎಂದಳು.

ಎಲ್ಲದಕ್ಕೂ ಕಾರಣ ಕೇಬಲ್ ಟೀವಿ. ಅದು ನಮ್ಮ ಬೀದಿಗೆ ಬಂದ ವಾರವೇ ಯಾವುದೋ ಇಂಗ್ಲಿಷ್ ಚಾನೆಲ್ಲಿನಲ್ಲಿ ಸ್ಕೂಬಾ ಡೈವಿಂಗ್ ನೋಡಿಬಿಟ್ಟೆ. ಬೆನ್ನಿಗೆ ಗ್ಯಾಸ್ ಸಿಲಿಂಡರಿನಂಥದ್ದು, ಬಾಯಿಗೆ ಪೈಪು, ಕಾಲಿಗೆ ಬಾತುಕೋಳಿ ಪಾದ ಕಟ್ಟಿಕೊಂಡ ಜನ ಮುಳುಗಿದ ಹಡಗಿನ ಒಂದು ಕಿಟಕಿಯಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಗೆ ಬರುತ್ತಿದ್ದರು. ಆಹಾ! ಶ್ರೀರಂಗಪಟ್ಟಣದ ಒಂದು ಕಚೇರಿಯಲ್ಲಿ ಹದಿನೆಂಟು ವರ್ಷ ಫೈಲುಗಳಲ್ಲಿ ಮುಳುಗಿದ್ದ ಈ ರಘುನಂದನನಿಗೆ, ಮುಳುಗುವುದರಲ್ಲಿ ಇಷ್ಟು ಮಜಾ ಇದೆಯೆಂದು ಗೊತ್ತಾದದ್ದೇ ಅವತ್ತು! ಆಫೀಸು ಡೈರಿಯ ಕೊನೆಯ ಪುಟದಲ್ಲಿ ಪಟ್ಟಿ ಮಾಡಿದೆ. ಆಸ್ಟ್ರೇಲಿಯಾದ ಯೋಂಗಾಲಾ, ಹಡಗಿನವರ ಭಾಷೆಯಲ್ಲಿ ಎಸ್.ಎಸ್. ಯೋಂಗಾಲಾ, ಸುತ್ತ ಮೊರದಗಲದ ಆಮೆಗಳು. ಬಾಲಿಯ ಲಿಬರ್ಟಿ, ದಡದಿಂದ ನಡೆದುಕೊಂಡೇ ಹೋಗಿ ಮುಳುಗಬಹುದು. ಪೆಸಿಫಿಕ್ಕಿನ ಟ್ರಕ್ ಲಗೂನ್, ಅಲ್ಲಂತೂ ಜಪಾನಿನವರ ಹಡಗಿನ ಪಡೆಯೇ ಮಲಗಿದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಇದನ್ನೇ ಹೇಳಿದೆ. ನಾಲ್ಕನೇ ದಿನದಿಂದ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು.

"ನಂಬರ್ ಒನ್ ಯಾವುದು ಗೊತ್ತೇನೇ? ಕೆಂಪು ಸಮುದ್ರದ ಥಿಸ್ಲ್‌ಗಾರ್ಮ್! ಯುದ್ಧದಲ್ಲಿ ಬಾಂಬು ಬಿದ್ದು ಮುಳುಗಿದ್ದು. ಅದರೊಳಗೆ ಮೋಟಾರ್ ಬೈಕುಗಳು ಇವತ್ತಿಗೂ ಸಾಲಾಗಿ ನಿಂತವೆ!"

"ಯಾರ್ದಂತೆ?"

"ಬ್ರಿಟಿಷ್ ಮಿಲಿಟ್ರಿದು."

"ಕಳ್ಕೊಂಡೋರೇ ಐವತ್ತೈದು ವರ್ಷದಿಂದ ಸುಮ್ನವ್ರೆ. ನಿಮ್ಗ್ಯಾಕ್ರೀ ಉರಿ?"

ಇಂಥವರ ಜೊತೆ ಸಂಸಾರ ಮಾಡಿಯೂ ನನ್ನ ಉತ್ಸಾಹ ಬತ್ತಲಿಲ್ಲ ನೋಡಿ! ಈಜು ನನಗೆ ಹೊಸದೇನಲ್ಲ. ಹುಡುಗನಾಗಿದ್ದಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ನಾಲೆಯಲ್ಲಿ ಕಲಿತದ್ದು. ಅಂದರೆ ನೀರಿನ ಮೇಲೆ ಇರುವುದು ಗೊತ್ತು, ಕೆಳಗೆ ಹೋಗುವುದು ಗೊತ್ತಿಲ್ಲ. ಅದೇನು ಮಹಾ? ತೇಲುವುದನ್ನು ನಿಲ್ಲಿಸಿದರಾಯಿತು!

ಭಾನುವಾರ ಊಟ ಮುಗಿಸಿ ಪ್ರಮೀಳಾ ಕೈಚೀಲ ಹಿಡಿದು ಮಾರ್ಕೆಟ್ಟಿಗೆ ಹೊರಟಳು. ಮಧ್ಯಾಹ್ನ ಮೂರರ ಬಸ್ಸಿಗೆ ಕೆ.ಆರ್. ಪೇಟೆಯಿಂದ ಅವಳ ತಾಯಿ, ಅಂದರೆ ನನ್ನ ಅತ್ತೆ ಅಣ್ಣಮ್ಮನವರು ಬರುವವರಿದ್ದರು.

"ಬಿಂದ್ಗೇನ ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದೀನಿ. ಮುಟ್ಟೀರಾ ಮತ್ತೆ!" ಎಂದು ಬಾಗಿಲಲ್ಲೇ ಎಚ್ಚರಿಸಿದಳು.

ಆ ಹಿತ್ತಾಳೆ ಬಿಂದಿಗೆಯ ವಿಷಯ ನಿಮಗೆ ಹೇಳಲೇಬೇಕು. ಅದು ಅತ್ತೆಗೆ ಅವರ ತಾಯಿ ಕೊಟ್ಟದ್ದು, ಅತ್ತೆ ಮಗಳಿಗೆ ಕೊಟ್ಟದ್ದು. ಕಂಠದ ಸುತ್ತ 'ಅಣ್ಣಮ್ಮ' ಎಂದು ಹೆಸರು ಕೆತ್ತಿದೆ. ಅತ್ತೆ ಬಂದವರು ಮೊದಲು ಕೇಳುವುದು ಮಗಳ ಆರೋಗ್ಯವನ್ನಲ್ಲ, ಬಿಂದಿಗೆಯ ಆರೋಗ್ಯವನ್ನು! ಹೋದ ವರ್ಷ ಅದರಲ್ಲಿ ಕಡಲೆಕಾಳಿನಷ್ಟು ತಗ್ಗು ಕಂಡು, ನೀರೂ ಕುಡಿಯದೆ ಬಂದ ಬಸ್ಸಿಗೇ ವಾಪಸ್ ಹೋಗಿದ್ದರು. ಆಮೇಲೆ ಬರುತ್ತಿದ್ದುದು ಇದೇ ಮೊದಲು. ಒಂದು ವರ್ಷದಿಂದ ಅಮ್ಮನ ಮುಖ ಕಾಣದ ಪ್ರಮೀಳಾ, ವಾರದಿಂದ ಆ ಬಿಂದಿಗೆಯನ್ನು ಮೂರು ಸಲ ಬೆಳಗಿದ್ದಳು.

ಇತ್ತ ನನ್ನ ಸಮಸ್ಯೆಯೇ ಬೇರೆ. ಅಭ್ಯಾಸಕ್ಕೆ ಹಿತ್ತಲಿನಲ್ಲಿ ಬಾವಿ ಇತ್ತು, ಎರಡಾಳು ನೀರೂ ಇತ್ತು. ಮುಳುಗಿದ ಹಡಗು ಇರಲಿಲ್ಲ! ಹಡಗೇ ಇಲ್ಲದೆ ಏನನ್ನು ಅನ್ವೇಷಿಸುವುದು? ಸುತ್ತ ನೋಡಿದೆ. ಅಡಿಗೆಮನೆಯ ಮೂಲೆಯಲ್ಲಿ ಥಳಥಳ ಹೊಳೆಯುತ್ತ, ಮೈಮೇಲೆ ಹೆಸರನ್ನೂ ಕೆತ್ತಿಸಿಕೊಂಡು ನಿಂತಿತ್ತು, ಎಸ್.ಎಸ್. ಅಣ್ಣಮ್ಮ!

ಹತ್ತೇ ನಿಮಿಷದ ಕೆಲಸ, ಮುಳುಗಿಸುವುದು, ಎತ್ತುವುದು, ಒರೆಸಿ ಇಡುವುದು ಎಂದುಕೊಂಡೆ. ಬಾವಿಗೆ ಬಿಟ್ಟೆ. ಗುಳುಗುಳು ಎಂದು ಗಂಭೀರವಾಗಿ ಮುಳುಗಿತು. ನಾನು ಸೆಲ್ಯೂಟ್ ಕೂಡ ಹೊಡೆದೆ.

ಆಮೇಲೆ ಸಿದ್ಧತೆ. ಟೀವಿಯವರು ಸೊಂಟಕ್ಕೆ ಭಾರ ಕಟ್ಟಿಕೊಂಡಿದ್ದರು. ನಾನು ಹಿತ್ತಾಳೆ ಕುಟ್ಟಾಣಿಯನ್ನು ಟವೆಲ್ಲಿನಲ್ಲಿ ಸುತ್ತಿ ಸೊಂಟಕ್ಕೆ ಬಿಗಿದೆ. ಗಾಳಿಗೆ? ಮನೆಯಲ್ಲಿದ್ದ ಹಿತ್ತಾಳೆ ತಪ್ಪಲೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡೆ. ಬೋರಲು ಪಾತ್ರೆಯಲ್ಲಿ ಗಾಳಿ ನಿಲ್ಲುತ್ತದೆ, ಇದು ವಿಜ್ಞಾನ! ಹಗ್ಗದ ಒಂದು ತುದಿಯನ್ನು ರಾಟೆ ಕಂಬಕ್ಕೆ, ಇನ್ನೊಂದನ್ನು ನನಗೆ ಕಟ್ಟಿಕೊಂಡು ಬಾವಿಯೊಳಗಿನ ಕಲ್ಲುಗಳ ಮೇಲೆ ಕಾಲಿಡುತ್ತ ಇಳಿಯತೊಡಗಿದೆ. ಪಕ್ಕದ ಮನೆಯ ಹಾಲಿನ ಮರಿಯಯ್ಯ ಕಾಂಪೌಂಡಿನ ಮೇಲಿಂದ ಇಣುಕಿದ.

"ಸಾ, ಏನ್ ಸಾ ಅದು ತಲೆ ಮ್ಯಾಲೆ?"

"ಆಕ್ಸಿಜನ್!"

"ಆಕ್ಸಿಜನ್‌ಗೆ ಉಪ್ಸಾರು ವಾಸ್ನೆ ಬತ್ತಾ ಅದಲ್ಲ ಸಾ!"

ಅನಾಗರಿಕನ ಜೊತೆ ಮಾತೇಕೆ? ಇಳಿದೆ. ಅಯ್ಯಪ್ಪಾ! ಪುಷ್ಯಮಾಸದ ಬಾವಿ ನೀರು ಎಂದರೆ ಏನೆಂದು ಆ ಟೀವಿಯವರಿಗೆ ಗೊತ್ತಿರಲಾರದು. ನೀರು ಎದೆಗೆ ಬಂದದ್ದೇ ಉಸಿರು ಒಳಗೇ ನಿಂತಿತು. ಹೊಟ್ಟೆ ಒಳಕ್ಕೆ ಎಳೆದುಕೊಂಡದ್ದಕ್ಕೆ ಟವೆಲ್ಲು ಸಡಿಲವಾಗಿ ಕುಟ್ಟಾಣಿ ಬುಳಕ್ ಎಂದು ಹೋಯಿತು! ಅದನ್ನು ಹಿಡಿಯಲು ಬಗ್ಗಿದೆ, ತಪ್ಪಲೆಯೊಳಗಿದ್ದ ವಿಜ್ಞಾನವೆಲ್ಲ ಒಂದೇ ಗುಳ್ಳೆಯಾಗಿ ಹೊರಗೆ ಬಂತು, ನೀರು ಮೂಗಿಗೆ ನುಗ್ಗಿತು. "ಅಯ್ಯೋ ಸತ್ತೆ!" ಎಂದು ಕಿರುಚಿದೆ. ತಪ್ಪಲೆಯೊಳಗೆ ಆ ಕೂಗು ಎಷ್ಟು ಜೋರಾಗಿ ಕೇಳಿಸಿತೆಂದರೆ, ಬೇರೆ ಯಾರೋ ಸಾಯುತ್ತಿದ್ದಾರೆಂದು ಹೆದರಿ ತಪ್ಪಲೆಯನ್ನೂ ಕೈಬಿಟ್ಟೆ! ಮರಿಯಯ್ಯ ಕಾಂಪೌಂಡು ಹಾರಿ ಬಂದು, ಹಗ್ಗ ಹಿಡಿದು ದರದರ ಎಳೆದು ಹಾಕಿದ.

ಕಣ್ಣು ಬಿಟ್ಟರೆ ಎದುರಿಗೆ ಮಾರ್ಕೆಟ್ಟಿನಿಂದ ಬಂದ ಪ್ರಮೀಳಾ.

"ಬಿಂದ್ಗೆ ಎಲ್ರೀ?"

"ಮು... ಮುಳುಗಿದೆ."

"ಅದ್ಯೆಂಗೆ ಮುಳುಗ್ತು?"

"ನಾನೇ ಮುಳುಗಿಸಿದೆ."

"ಯಾಕೆ?"

"ಎತ್ತೋದಕ್ಕೆ!"

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾವಿಕಟ್ಟೆಯ ಮೇಲೆ ಕುಸಿದು ಕೂತು, "ಅವ್ವ ಇನ್ನು ಈ ಮನೆ ಹೊಸಿಲು ತುಳಿಯಾಕಿಲ್ಲ," ಎಂದು ಕಣ್ಣೊರೆಸಿಕೊಂಡಳು. ಜಗತ್ತಿನ ನಾಲ್ಕೂ ಹಡಗುಗಳು ನನ್ನ ತಲೆಯಿಂದ ಅಲ್ಲೇ ಇಳಿದುಹೋದವು. ಎರಡೂವರೆ ಆಗಿತ್ತು.

"ಸಿದ್ಲಿಂಗವ್ವಾರ ಪಾತಾಳಗರಡಿ ಇಸ್ಕೊಂಬನ್ನಿ, ನಾನ್ ಎತ್ಕೊಡ್ತೀನಿ," ಎಂದ ಮರಿಯಯ್ಯ.

ಪಾತಾಳಗರಡಿ ಎಂದರೆ ಬಳೆಯ ಸುತ್ತ ಕಬ್ಬಿಣದ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಬಿಟ್ಟು ಆಡಿಸಿದರೆ ಬಿದ್ದ ಪಾತ್ರೆ ಸಿಕ್ಕಿಕೊಂಡು ಬರುತ್ತದೆ. ನಮ್ಮ ಬೀದಿಗೆಲ್ಲ ಒಂದೇ ಗರಡಿ, ಅದು ಮೂಲೆಮನೆ ಸಿದ್ದಲಿಂಗಮ್ಮನದು. ಅದಕ್ಕೊಂದು ಪದ್ಧತಿ ಉಂಟು. ಒತ್ತೆಗೆ ಒಂದು ಪಾತ್ರೆ ಇಟ್ಟು ಒಯ್ಯಬೇಕು, ಗರಡಿ ವಾಪಸ್ ಕೊಟ್ಟು ಪಾತ್ರೆ ಬಿಡಿಸಿಕೊಳ್ಳಬೇಕು. ಒದ್ದೆ ಚಡ್ಡಿ, ಒದ್ದೆ ಟವೆಲ್ಲಿನಲ್ಲೇ ನಾನು, ಕೈಯಲ್ಲಿ ಸ್ಟೀಲು ಡಬರಿ ಹಿಡಿದು ಪ್ರಮೀಳಾ, ಓಡಿದೆವು.

"ಸ್ಟೀಲು ಗೀಲು ನಮ್ತಾವ ನಡ್ಯಾಕಿಲ್ಲ ಕಣವ್ವ. ಇತ್ತಾಳೆ ತಾ, ಇಲ್ಲಾ ತಾಮ್ರ ತಾ," ಎಂದಿತು ಮುದುಕಿ.

"ಇತ್ತಾಳೇದೆಲ್ಲ ಬಾವಿ ಒಳಗದೆ ಕಣವ್ವಾ! ಅದ್ಕೇ ಗರಡಿ ಬೇಕಾಗಿರಾದು!"

"ಅಂಗಾರೆ ನಾನೇನ್ ಮಾಡ್ಲಿ?"

ಪ್ರಮೀಳಾ ಗಡಿಯಾರ ನೋಡಿದಳು. ನನ್ನನ್ನು ನೋಡಿದಳು. ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದಳು. "ಇವ್ರನ್ನೇ ಮಡಿಕೊಳ್ಳಿ!"

ಸಿದ್ದಲಿಂಗಮ್ಮ ಕನ್ನಡಕ ಸರಿಮಾಡಿಕೊಂಡು ಅಡಿಯಿಂದ ಮುಡಿಯವರೆಗೆ ನನ್ನನ್ನು ನೋಡಿತು.

"ಬ್ಯಾಡ ಕಣವ್ವ. ಒತ್ತೆ ಅಂದ್ರೆ ಮಡಗ್ದೋರು ಬಂದು ಬುಡುಸ್ಕೊಂಡು ಓಗಂಗಿರ್ಬೇಕು. ಇದ ಬುಡುಸ್ಕೊಳಾಕೆ ನೀನ್ ಬತ್ತೀಯ ಅನ್ನಾದು ಏನ್ ಗ್ಯಾರಂಟಿ?"

"ನಾ ಬತ್ತೀನಿ. ಮಡಿಕೊಳ್ಳಿ ಅಕ್ಕಾ," ಎಂದಿತು ಹಿಂದಿನಿಂದ ಒಂದು ಧ್ವನಿ.

ತಿರುಗಿದರೆ ಅತ್ತೆ! ಬಸ್ಸು ಹುಟ್ಟಿದಾಗಿನಿಂದ ಮೊದಲ ಸಲ ಬೇಗ ಬಂದಿತ್ತು. ಕೈಯಲ್ಲಿ ಚೀಲ. ಪಕ್ಕದಲ್ಲಿ, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿ ಮುಗಿಸಿದ್ದ ಮರಿಯಯ್ಯ. ನನ್ನ ಮರ್ಯಾದೆ ಉಳಿಸಲು ಬಂದ ಆ ತಾಯಿಯನ್ನು ಕಂಡು ನನಗೆ ಅಳುವೇ ಬಂತು. "ಅತ್ತೇ..." ಎಂದೆ.

"ನೀವು ಕುಂತಿರಿ ಅಳಿಯಂದ್ರೆ. ಮೊದ್ಲು ಬಿಂದ್ಗೆ ಸಿಗ್ಲಿ," ಎಂದವರೇ ಗರಡಿ ಹಿಡಿದು, ಅಳುತ್ತಿದ್ದ ಮಗಳ ಹೆಗಲ ಮೇಲೆ ಕೈಹಾಕಿ ಹೊರಟರು.

ನಾನು ಜಗಲಿಯ ಮೇಲೆ ಒತ್ತೆಯಾಗಿ ಕೂತೆ. ಸಿದ್ದಲಿಂಗಮ್ಮ ಒಣಗಿದ ಪಂಚೆಯೊಂದನ್ನು ಎಸೆದು, ಒಂದು ಮೊರ ಅವರೆಕಾಯಿ ತಂದು ಮುಂದಿಟ್ಟಿತು. "ಸುಮ್ಕೆ ಯಾಕ್ ಕುಂತಿದ್ದೀಯ, ಸುಲಿ." ಸುಲಿದೆ. ದಾರಿಹೋಕರೆಲ್ಲ ನಿಂತು ಕೇಳಿದರು. "ಏನ್ ಸಾರ್ ಇಲ್ಲಿ?" "ಒತ್ತೆ!" ಎಂದು ಮುದುಕಿಯೇ ಒಳಗಿನಿಂದ ಉತ್ತರ ಕೊಡುತ್ತಿತ್ತು.

ಸ್ವಲ್ಪ ಹೊತ್ತಿಗೆ ನಮ್ಮ ಹಿತ್ತಲಿನಿಂದ "ಬಂತು! ಬಂತು!" ಎಂಬ ಕೂಗು. ಬಿಂದಿಗೆ ಸಿಕ್ಕಿತು! ಎದ್ದು ನಿಂತು ಪಂಚೆ ಕೊಡವಿಕೊಂಡೆ. ಯಾರೂ ಬರಲಿಲ್ಲ. ಕುಟ್ಟಾಣಿ ಬಂತು, ತಪ್ಪಲೆ ಬಂತು, ತಾಯಿಮಗಳು ನಗುವುದೂ ಕೇಳಿಸಿತು, ಕಾಫಿಯ ವಾಸನೆಯೂ ಬಂತು. ಆಗಲೂ ಯಾರೂ ಬರಲಿಲ್ಲ! ಎರಡನೇ ಮೊರ ಬಂತು.

ಕೊನೆಗೆ ಅತ್ತೆಯೇ ಗರಡಿ ಹಿಡಿದು ಬಂದರು. ಕೊಟ್ಟ ಮಾತಿಗೆ ತಪ್ಪದ ಮಹಾತಾಯಿ! ನಾನು ಜಗಲಿಯಿಂದ ಹಾರಿ ಇಳಿದೆ. ಅತ್ತೆ ಗರಡಿಯನ್ನು ಚಾಚಿದರು. ಸಿದ್ದಲಿಂಗಮ್ಮ ಕೈ ಹಿಂದಕ್ಕೆಳೆದುಕೊಂಡು, ರಾಶಿ ಬಿದ್ದಿದ್ದ ಅವರೆಕಾಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿತು.

"ಗರಡಿ ಇನ್ನೊಂದೆರಡು ದಿನ ನಿಮ್ತಾವೇ ಇರ್ಲಿ ಬುಡಿ ಅಕ್ಕಾ," ಎಂದಿತು, "ಒಳಗೆ ಇನ್ನೂ ಅರ್ಧ ಮೂಟೆ ಅದೆ!"