ಏರಿಯ ಬುಡದಲ್ಲಿ ಊಟ

ಅಂಚೆಯವನು ಸರ್ಕಾರದ ಆ ಕಾಗದವನ್ನು ಇನ್ನೂ ಒಂದು ದಿನ ತಡಮಾಡಿ ತಂದಿದ್ದರೆ ಮೊಣ್ಣಪ್ಪನ ಕೆರೆ ಉಳಿಯುತ್ತಿತ್ತು. ಕೊಡಗು ಮೈಸೂರಿಗೆ ಸೇರಿ ಎರಡು ವರ್ಷವಾಗಿತ್ತು. ಖಾಸಗಿ ಕೆರೆಗಳ ಮಣ್ಣಿನ ಏರಿಗಳನ್ನೆಲ್ಲ ಅಪಾಯ ನೋಡಿ ಮೂರು ದರ್ಜೆ ಮಾಡುತ್ತಾರಂತೆ. ಮೂರನೆಯದಾದರೆ ಯಾರೂ ಮುಟ್ಟುವುದಿಲ್ಲ, ಒಂದನೆಯದಾದರೆ ಏರಿಯನ್ನು ಅರ್ಧಕ್ಕೆ ಕಡಿಯಬೇಕು. ಓವರ್ಸಿಯರ್ ಅವತ್ತೇ ಮಧ್ಯಾಹ್ನ ಬರುವವರಿದ್ದರು.

ಏರಿ ಮೊಣ್ಣಪ್ಪನ ಅಪ್ಪ ಕಟ್ಟಿಸಿದ್ದು. ಎರಡು ಬೇಸಗೆ ಕೋಣಗಳನ್ನು ಅಡ್ಡಾಡಿಸಿ ಮಣ್ಣು ತುಳಿಸಿದ್ದರು. ಮುಂದಿನ ಕೋಣದ ಬೆನ್ನ ಮೇಲೆ ಕೂತಿದ್ದವನು ಏಳು ವರ್ಷದ ಮೊಣ್ಣಪ್ಪನೇ. ಆ ಹಸಿಮಣ್ಣಿನ ವಾಸನೆ, "ಬಿಗಿ ಹಿಡ್ಕೊ ಮಗಾ" ಎಂಬ ಅಪ್ಪನ ದನಿ, ಏರಿ ಹತ್ತಿದಾಗಲೆಲ್ಲ ಈಗಲೂ ಬರುತ್ತಿತ್ತು. ಎಂಥ ದಿನಗಳು ಅವು.

ಪಕ್ಕದ ತೋಟದ ನಾಣಯ್ಯ ಬಂದ. ಕೇಳದೆಯೇ ಬುದ್ಧಿ ಹೇಳುವುದರಲ್ಲಿ ಅವನು ಊರಿಗೇ ಮುಂದು.

"ಹೆದರ್ಬೇಡ ಮಾರಾಯ. ಏಡಿ ಬಿಲ ಮುಚ್ಚು, ಹುಲ್ಲು ಹೆರೆಸು. ಆಮೇಲೆ ಒಂದು ಊಟ ಹಾಕು. ಉಂಡ ಬಾಯಲ್ಲಿ ಕಡಿ ಅಂತಾರಾ?"

"ಎಲ್ಲಿ ಹಾಕೋದು?"

"ಏರಿ ಬುಡದಲ್ಲೇ. ಗದ್ದೆ ಕೊಯ್ದು ಖಾಲಿ ಉಂಟಲ್ಲ. ತಂಪೂ ಉಂಟು."

ಮೊಣ್ಣಪ್ಪ ಮೊಣಕಾಲುದ್ದ ಕೆಸರಿನಲ್ಲಿ ಕೂತು ಬಿಲ ಮುಚ್ಚಿದ. ಒಂದು ಮುಚ್ಚಿದರೆ ಏಡಿ ಇನ್ನೊಂದರಲ್ಲಿ ಇಣುಕುತ್ತಿತ್ತು. ಕೊನೆಯದು ಅವನ ಕಾಲಿನ ಹೆಬ್ಬೆರಳನ್ನೇ ಕಚ್ಚಿತು. ಇತ್ತ ಹೆಂಡತಿ ತಂಗಮ್ಮ ಹಂದಿ ಬೇಯಿಸಿದಳು. ವಾಸನೆ ಹೋದಲ್ಲೆಲ್ಲ ಕರೆ ಹೋದಂತಾಯಿತು. ಒಂದು ಮನೆಗೆ ಕಷ್ಟ ಬಂದರೆ ಊರೇ ಬಂದು ಎಲೆಯ ಮುಂದೆ ಕೂರುವ ಕಾಲ ಅದು.

ಓವರ್ಸಿಯರ್ ಶಾಂತಪ್ಪ ಮೈಸೂರು ಕಡೆಯವರು. ಬಂದವರೇ ಮೂಗಿಗೆ ಕರವಸ್ತ್ರ ಹಿಡಿದು, "ನಾನು ಮಾಂಸ ತಿನ್ನಲ್ಲ" ಎಂದರು. ತಂಗಮ್ಮ ಮೊಸರನ್ನಕ್ಕೆ ಮನೆಗೆ ಓಡಿದಳು. ಅವರು ಕುಂಟುತ್ತಿದ್ದ ಮೊಣ್ಣಪ್ಪನ ಜೊತೆ ಏರಿಯುದ್ದಕ್ಕೂ ನಡೆದು, ಕೋಲಿನಿಂದ ಚುಚ್ಚಿ ನೋಡಿದರು.

"ಹತ್ತು ವರ್ಷದಲ್ಲಿ ಇಷ್ಟು ಗಟ್ಟಿ ಏರಿ ನಾನು ನೋಡಿಲ್ಲ ಕಣ್ರೀ."

ಅಪ್ಪ ಕೇಳಬೇಕಿತ್ತು ಎಂದುಕೊಂಡ ಮೊಣ್ಣಪ್ಪನ ಕಣ್ಣು ತುಂಬಿತು.

ಶಾಂತಪ್ಪ ಕೆಳಗೆ ನೋಡಿದರು. "ಇವರೆಲ್ಲ ಯಾರು?"

ನಾಣಯ್ಯ ಎಲೆಯ ಮುಂದಿನಿಂದಲೇ ಎದ್ದು ನಿಂತ. "ಇಲ್ಲಿಯವರೇ ಸ್ವಾಮಿ. ಬೆಳಗಿಂದ ಸಂಜೆವರೆಗೆ ಎಲ್ಲರೂ ಈ ಏರಿ ಬುಡದಲ್ಲೇ. ಈ ನೀರೇ ನಮ್ಮ ಜೀವ." ಎಲ್ಲರೂ ತಲೆಯಾಡಿಸಿದರು.

ಶಾಂತಪ್ಪ ತಲೆ ಎಣಿಸಿ ಬರೆದುಕೊಂಡರು. "ನಲವತ್ತಮೂರು ಜನ. ಒಂದನೇ ದರ್ಜೆ."

"ಗಟ್ಟಿ ಉಂಟು ಅಂತ ನೀವೇ ಹೇಳಿದ್ರಲ್ಲ?" ಎಂದ ಮೊಣ್ಣಪ್ಪ.

"ಗಟ್ಟೀನೇ. ದರ್ಜೆ ಕೊಡೋದು ಗಟ್ಟಿತನ ನೋಡಿ ಅಲ್ಲ, ಒಡೆದರೆ ಕೆಳಗೆ ಎಷ್ಟು ಜನ ಕೊಚ್ಚಿ ಹೋಗ್ತಾರೆ ಅಂತ. ಬರೀ ಗದ್ದೆ ಇದ್ದಿದ್ರೆ ಮೂರನೇದು ಬರೆದು ಹೋಗ್ತಿದ್ದೆ."

"ಇವರು ಊಟಕ್ಕೆ ಬಂದವರು ಸ್ವಾಮಿ. ಹೇಳು ನಾಣಯ್ಯ."

ನಾಣಯ್ಯ ಮೀಸೆ ಒರೆಸಿಕೊಂಡ. "ಸರ್ಕಾರದ ಎದುರು ಆಡಿದ ಮಾತು ತಿರುಗಿಸೋದಾ? ಅದಾಗಲ್ಲ ಮಾರಾಯ. ದಿನಾ ಇಲ್ಲೇ ಇರ್ತೀವಿ ಸ್ವಾಮಿ."

ಮುಂದಿನ ತಿಂಗಳು ಏರಿ ಕಡಿಯುವಾಗ, ಕರೆಯದಿದ್ದರೂ ಆ ನಲವತ್ತಮೂರು ಜನವೂ ಗುದ್ದಲಿ ಹಿಡಿದು ಬಂದರು. ಅಪ್ಪ ತುಳಿಸಿದ ಮಣ್ಣು ಎಷ್ಟು ಬಿಗಿಯಾಗಿತ್ತೆಂದರೆ, ಅರ್ಧ ಕಡಿಯಲು ಎಂಟು ದಿನ ಹಿಡಿಯಿತು. ಎಂಟು ದಿನವೂ ಊಟ ಏರಿಯ ಬುಡದಲ್ಲೇ.