ಖಾತ್ರಿ ಕಾಲೇಜು

‘ಖಾತ್ರಿ’ ಎಂಬ ಒಂದು ಮಾತು ಬಾಯಿ ಜಾರದೆ ಇದ್ದಿದ್ದರೆ, ಲೂಷಿಯಸ್ ಟಾಲಿವರ್ ಆ ಭಾನುವಾರ ಕರಿದ ಕೋಳಿ ತಿಂದು ತೆಪ್ಪಗೆ ಮನೆಗೆ ಹೋಗಬಹುದಿತ್ತು.

ಅಂದು ಚರ್ಚಿನಲ್ಲಿ ಕಾಲೇಜು ಭಾನುವಾರ. ಎಲ್ಲರೂ ತಂತಮ್ಮ ಹಳೆಯ ಕಾಲೇಜಿನ ಬಣ್ಣ ತೊಟ್ಟು ಬಂದಿದ್ದರು. ಲೂಷಿಯಸ್‌ನ ಕೋಟಿನೊಳಗೆ ಟ್ಯಾಲಿಸನ್ ಕಾಲೇಜಿನ ನೇರಳೆ ಸ್ವೆಟರ್, ಅದರೊಳಗೆ ಸ್ವೆಟರಿಗೆ ಹಿಡಿಸದಷ್ಟು ಹೆಮ್ಮೆ. ಮಗಳು ಡೆಲ್ಫೀನ್ ಅರ್ಜಿ ಹಾಕುವ ಕಾಲೇಜುಗಳನ್ನು ಅಪ್ಪ ಮಗಳು ಕೂತು ತೂಗಿ ತೂಗಿ ಆರಿಸಿದ್ದರು. ಸಿಕ್ಕರೆ ಪುಣ್ಯ ಎನ್ನುವ ಕನಸಿನವು, ಅಂಕಕ್ಕೆ ತಕ್ಕವು, ಕಣ್ಣು ಮುಚ್ಚಿ ಸೀಟು ಕೊಡುವ ಖಾತ್ರಿಯದೊಂದು. ಟ್ಯಾಲಿಸನ್ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಸ್ವಂತ ಕಾಲೇಜನ್ನು ತಾನೇ ಕನಸಿನ ಸಾಲಿಗೆ ಏರಿಸುವುದಕ್ಕೆ ಅವನಿಗೆ ಸಂಕೋಚ, ಕೆಳಗಿನ ಸಾಲಿಗೆ ಇಳಿಸುವುದಕ್ಕೆ ಮನಸ್ಸಿಲ್ಲ.

“ಖಾತ್ರಿಗೆ ಮಾರ್ಬರಿ ಇಟ್ಕೊಂಡಿದೀವಿ” ಎಂದ, ಚರ್ಚಿನ ಊಟದ ಹಾಲ್‌ನಲ್ಲಿ, ಎಲ್ಲರಿಗೂ ಕೇಳುವಂತೆ.

ಎದುರಿನ ಹಸಿರು ಟೋಪಿ ಮೆಲ್ಲಗೆ ತಿರುಗಿತು. ಮಾರ್ಬರಿಯ ಬಣ್ಣ ಹಸಿರು. ಟೋಪಿಯ ಕೆಳಗಿದ್ದವರು ಡೆಲ್ಫೀನಳ ಸ್ಕೂಲ್ ಟೀಚರ್, ಚರ್ಚಿನಲ್ಲಿ ಎಲ್ಲರಿಗೂ ಸಿಸ್ಟರ್ ಪ್ರೂಯಿಟ್. ಕಾಲೇಜುಗಳಿಗೆ ಕಳಿಸಬೇಕಾದ ಅವಳ ಶಿಫಾರಸು ಪತ್ರವನ್ನು ಅವರಿನ್ನೂ ಬರೆದಿರಲಿಲ್ಲ.

“ಏನಂದ್ರಿ ಬ್ರದರ್ ಟಾಲಿವರ್? ನಮ್ಮ ಕಾಲೇಜೇನು ಧರ್ಮಛತ್ರಾನಾ?”

“ಅಯ್ಯೋ ಹಾಗಲ್ಲ ಸಿಸ್ಟರ್! ಬಿದ್ರೆ ಹಿಡ್ಕೊಳ್ಳೋ ಕೈ ಅಂತ. ಅದು ಅವಮಾನ ಅಲ್ಲ, ಗೌರವ!”

“ಆ ಗೌರವ ಬೇರೆಯವರಿಗೆ ಕೊಡಿ. ನನ್ನ ಪೆನ್ನಿನಲ್ಲಿ ಇವತ್ತು ಯಾಕೋ ಇಂಕ್ ಬರ್ತಿಲ್ಲ.”

ಲೂಷಿಯಸ್ ಗಡಿಬಿಡಿಯಲ್ಲಿ ಜೇಬಿನಿಂದ ಪಟ್ಟಿ ತೆಗೆದು ಮಾರ್ಬರಿಯನ್ನು ಕನಸಿನ ಸಾಲಿಗೆ ಏರಿಸಿ, ಖಾಲಿಯಾದ ಜಾಗಕ್ಕೆ ಎಬೆನ್‌ಫೀಲ್ಡ್ ಎಂದು ಬರೆದ. ಹೆಗಲ ಮೇಲಿಂದ ಇಣುಕುತ್ತಿದ್ದ ಚರ್ಚಿನ ಹಿರಿಯ, ಡೀಕನ್ ಗೇದರ್ ಅವರ ಟೈ ಎಬೆನ್‌ಫೀಲ್ಡಿನ ಕೆಂಪು, ಮುಖ ಅದಕ್ಕಿಂತ ಕೆಂಪಾಯಿತು.

“ಎಬೆನ್‌ಫೀಲ್ಡಾ? ನಮ್ಮಪ್ಪ, ನಾನು, ನನ್ನ ಮಗ ಓದಿದ ಜಾಗ ಕಣಯ್ಯಾ! ಸಿಕ್ಕಸಿಕ್ಕವರಿಗೆಲ್ಲ ಸೀಟಾ?”

“ಬಿದ್ರೆ ಹಿಡ್ಕೊಳ್ಳೋ ಕೈ ಡೀಕನ್...”

“ಈ ಕೈಯಲ್ಲಿ ಇನ್ಮೇಲೆ ನಿನಗೆ ಕೋಳಿ ಬಡಿಸಿದ್ರೆ ಕೇಳು!”

ಎಬೆನ್‌ಫೀಲ್ಡೂ ಮೇಲೇರಿತು. ಊಟ ಮುಗಿಯುವಷ್ಟರಲ್ಲಿ ಆ ಹಾಲ್‌ನಲ್ಲಿದ್ದ ಬಣ್ಣಗಳೆಲ್ಲ ಕನಸಿನ ಸಾಲಿನಲ್ಲಿ, ಮದುವೆ ಫೋಟೋದಲ್ಲಿ ನಿಂತ ನೆಂಟರಂತೆ, ಒತ್ತಿಕೊಂಡು ನಿಂತಿದ್ದವು.

ತಟ್ಟೆಗಳನ್ನು ಎತ್ತುತ್ತ ಬಂದ ಡೆಲ್ಫೀನ್ ಪಟ್ಟಿ ನೋಡಿದಳು.

“ಅಪ್ಪಾ, ಬರೀ ಕನಸೇ ಇದೆಯಲ್ಲ! ಬೆಳಗಾಗೋದು ಯಾವಾಗ? ನಾಳೆ ಸ್ಕೂಲಿಗೆ ಕೊಡಬೇಕು ಇದನ್ನ.”

“ಒಂದು ಖಾತ್ರಿ ಬೇಕೇಬೇಕಮ್ಮ. ಇಲ್ಲಿ ಯಾರಿಗೂ ನೋವಾಗದಂಥದ್ದು ಬರಿ” ಎಂದರು ಸಿಸ್ಟರ್ ಪ್ರೂಯಿಟ್, ಗಂಭೀರವಾಗಿ, ತಮ್ಮ ಪೆನ್ನನ್ನೇ ಅವಳ ಕೈಗಿತ್ತು. ಇಂಕು ಚೆನ್ನಾಗಿಯೇ ಬರುತ್ತಿತ್ತು.

ಡೆಲ್ಫೀನ್ ಒಂದು ಕ್ಷಣ ಯೋಚಿಸಿ, ಒಂದು ಹೆಸರು ಬರೆದಳು. ಮೊದಲು ಹಸಿರು ಟೋಪಿ ಅಲುಗಿತು, ಆಮೇಲೆ ಕೆಂಪು ಟೈ, ಆಮೇಲೆ ಇಡೀ ಹಾಲ್ ನಕ್ಕಿತು. ಲೂಷಿಯಸ್ ಕಾಗದ ಕಿತ್ತುಕೊಂಡ.

“ಟ್ಯಾಲಿಸನ್ನಾ? ಖಾತ್ರಿನಾ? ನನ್ನ ಕಾಲೇಜೇನು ಧರ್ಮಛತ್ರಾನಾ?”

“ಬಿದ್ರೆ ಹಿಡ್ಕೊಳ್ಳೋ ಕೈ ಅಪ್ಪಾ” ಎಂದಳು ಮಗಳು. “ಗೌರವ ಅಂತ ನೀನೇ ಹೇಳಿದ್ದಲ್ವಾ? ನಾನು ಹುಟ್ಟಿದಾಗಿನಿಂದ ನನ್ನನ್ನ ಹಿಡ್ಕೊಂಡಿರೋ ಕೈ ಓದಿದ ಜಾಗ ಅದು.”

ಲೂಷಿಯಸ್ ನೇರಳೆ ಸ್ವೆಟರ್ ಮುಚ್ಚೋಣವೆಂದು ಕೋಟಿನ ಗುಂಡಿ ಹಾಕಿದ. ಆದರೆ ಎದೆ ಆಗಲೇ ಉಬ್ಬಿತ್ತು. ಗುಂಡಿ ಹಾರಿ ಗ್ರೇವಿಯಲ್ಲಿ ಬಿತ್ತು.

“ಪತ್ರ ಇವತ್ತೇ ಬರೀತೀನಿ, ಎಲ್ಲಾ ಕಾಲೇಜಿಗೂ” ಎಂದರು ಸಿಸ್ಟರ್ ಪ್ರೂಯಿಟ್, ಟೋಪಿ ಸರಿಮಾಡಿಕೊಳ್ಳುತ್ತ. “ಟ್ಯಾಲಿಸನ್‌ಗೆ ಮಾತ್ರ ಬೇಡ ಅಲ್ವಾ ಬ್ರದರ್? ಅದು ಹೇಗೂ ಖಾತ್ರಿ.”